ಕೂಸಿರುವ ಮನೆಯಲ್ಲಿ ರಜೆ ಯಾರಿಗೆ?

ನಮ್ಮ ಭಾಷೆಯಲ್ಲಿ ಶಾಲೆಯ ಮಕ್ಕಳಿಗೆ ಬೇಸಿಗೆಯಲ್ಲಿ ದೊರೆಯುವುದೂ ರಜೆ, ಹೆತ್ತ ತಾಯಿಗೆ ಕಾನೂನು ಕೊಡಮಾಡಿರುವ 26 ವಾರಗಳೂ ರಜೆ. ಇವೆರಡೂ ಒಂದೇ ಮನೆಗೆ ಒಟ್ಟಿಗೆ ಬಂದಾಗ ಮಾತ್ರ ಪದವೊಂದೇ ಆದರೂ ವಸ್ತು ಒಂದಲ್ಲವೆಂಬುದು ಅರಿವಾಗುತ್ತದೆ. ಮೊದಲನೆಯದರಲ್ಲಿ ಮನುಷ್ಯ ತಡವಾಗಿ ಏಳುತ್ತಾನೆ. ಎರಡನೆಯದರಲ್ಲಿ ಒಬ್ಬಾಕೆ ರಾತ್ರಿಯಿಡೀ ಏಳುತ್ತಲೇ ಇರುತ್ತಾಳೆ. ಇನ್ನು ತಂದೆಯ ವಿಷಯ. ಖಾಸಗಿ ಉದ್ಯೋಗದಲ್ಲಿರುವ ತಂದೆಗೆ ನಮ್ಮ ದೇಶದ ಕಾನೂನು ಅಂತಹ ಒಂದು ದಿನವನ್ನೂ ಕೊಡಿಸುವುದಿಲ್ಲ. ಕೂಸಿನೊಡನೆ ಇರಬೇಕೆಂದರೆ ಆತ ತನ್ನ ಉಳಿಕೆ ರಜೆಯನ್ನೇ ಮುರಿಯಬೇಕು.

ನಮ್ಮ ಮಗಳು ಜನಿಸಿದ್ದು 2025ರ ಮಾರ್ಚ್ 20ರಂದು, ರಮಝಾನಿನ ಹತ್ತೊಂಬತ್ತನೆಯ ಉಪವಾಸದ ದಿನ, ಸಹರಿಯ ಹೊತ್ತಿಗೆ. ಅಲ್‌ಹಮ್ದುಲಿಲ್ಲಾಹ್. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ವಾಡಿಕೆಯಂತೆ ನಾವು ಹಾರೋಹಳ್ಳಿಯ ಆಚೆಗಿರುವ ಮರಳವಾಡಿಯಲ್ಲಿದ್ದೆವು. ನಮ್ಮಲ್ಲಿ ತಾಯಿಯಾದವಳು ಶಾಲಾ ಶಿಕ್ಷಕಿ. ತಂದೆಯಾದವನು ಬಿಡದಿ ಕಡೆಯ ಕಾರ್ಖಾನೆಯೊಂದರಲ್ಲಿ ಪಾಳಿಯ ನೌಕರ. ಏಪ್ರಿಲ್ ಮುಗಿಯುವವರೆಗೆ ವಾರಕ್ಕೊಂದು ದಿನ ಬಂದು ಹೋಗುತ್ತಿದ್ದವನು, ಕೂಡಿಟ್ಟ ರಜೆಯನ್ನೆಲ್ಲ ಒಟ್ಟುಗೂಡಿಸಿ ಮೇ ನಡುವಿನಿಂದ ಬಕ್ರೀದ್‌ವರೆಗೆ ಇಲ್ಲಿಯೇ ಉಳಿದ. ಏಳನೆಯ ದಿನದ ಅಕೀಕಾ, ಕೂದಲಿನ ತೂಕದ ಬೆಳ್ಳಿಯ ಸದಕಾ, ನಲವತ್ತನೆಯ ದಿನದ ಚಿಲ್ಲಾ ಸ್ನಾನ ಎಲ್ಲವೂ ಅಷ್ಟರಲ್ಲಿ ಮುಗಿದಿದ್ದವು. ಕೂಸಿಗೆ ಹೆಸರಿಟ್ಟಾಗಿತ್ತು. ಆದರೂ ಮನೆಯಲ್ಲಿ ಎಲ್ಲರೂ ಕರೆಯುವುದು ಗುಡಿಯಾ ಎಂದೇ.

ಇದು ನಾನಾ ಅವರ ಮನೆ. ಮುಂದೆ ಪಡಸಾಲೆ, ಹಿಂದೆ ಹುಳುಮನೆ, ಅದರಾಚೆ ಹಿಪ್ಪುನೇರಳೆ ತೋಟ. ಏಪ್ರಿಲ್ ಎರಡನೆಯ ವಾರದಲ್ಲಿ ಶಾಲೆಗಳು ಮುಚ್ಚುತ್ತಲೇ ಕನಕಪುರದಿಂದ, ಚನ್ನಪಟ್ಟಣದಿಂದ ಖಾಲಾಗಳೂ ಅವರ ಮಕ್ಕಳೂ ಬಂದಿಳಿದರು. ಹಗಲೆಲ್ಲ ಮಾವಿನ ತೋಪು, ಸಂಜೆ ಕ್ರಿಕೆಟ್, ರಾತ್ರಿ ಟಿವಿ. ಐಪಿಎಲ್ ಪಂದ್ಯಾವಳಿ ಆರಂಭವಾದದ್ದು ಮಾರ್ಚ್ 22ರಂದು, ಅಂದರೆ ಗುಡಿಯಾ ಎರಡು ದಿನದ ಕೂಸಾಗಿದ್ದಾಗ. ಹೀಗಾಗಿ ಅವಳ ಮೊದಲ ಎಪ್ಪತ್ತೈದು ದಿನಗಳನ್ನೂ ಆ ಪಂದ್ಯಾವಳಿಯನ್ನೂ ಬೇರ್ಪಡಿಸಿ ನೆನೆಯುವುದು ನಮಗೆ ಸಾಧ್ಯವಿಲ್ಲ.

ಇಲ್ಲೊಂದು ವಿಷಯವನ್ನು ಹೇಳಿಬಿಡಬೇಕು. ನಮ್ಮಿಬ್ಬರಲ್ಲಿ ಕ್ರಿಕೆಟ್ ಹುಚ್ಚು ಇರುವುದು ತಂದೆಯಾದವನಿಗಲ್ಲ, ತಾಯಿಯಾದವಳಿಗೆ. ಕಾಲೇಜಿನ ದಿನಗಳಿಂದಲೂ ಆಕೆ ಬೆಂಗಳೂರು ತಂಡದ ಸೋಲುಗಳನ್ನು ಲೆಕ್ಕವಿಟ್ಟು ನೊಂದವಳು. 2024ರ ಮಾರ್ಚಿನಲ್ಲಿ ಅದೇ ಊರಿನ ಮಹಿಳಾ ತಂಡ ದೆಹಲಿಯನ್ನು ಸೋಲಿಸಿ ಪ್ರಶಸ್ತಿ ಪಡೆದಾಗ ಶಾಲೆಯ ಮಕ್ಕಳಿಗೆಲ್ಲ ಮಿಠಾಯಿ ಹಂಚಿದವಳು. ತಂದೆಯಾದವನದು ಬೇರೆ ಲೋಕ. 2020ರ ಲಾಕ್‌ಡೌನಿನ ರಮಝಾನಿನಲ್ಲಿ ಉರ್ದುವಿಗೆ ಡಬ್ ಆಗಿ ನಮ್ಮ ಮನೆಮನೆಗಳ ಮೊಬೈಲುಗಳಿಗೆ ಬಂದಿಳಿದ ತುರ್ಕಿಯ ಎರ್ತುಗ್ರುಲ್ ಧಾರಾವಾಹಿಯನ್ನು ಆತ ಇನ್ನೂ ಮುಗಿಸಿಲ್ಲ. ಅದು ಮುಗಿಯುವ ಲಕ್ಷಣವೂ ಇಲ್ಲ.

ಹಾಡು, ಸಿನಿಮಾ, ಧಾರಾವಾಹಿಗಳ ಕುರಿತು ವಿದ್ವಾಂಸರ ನಡುವೆ ಇರುವ ಭಿನ್ನಾಭಿಪ್ರಾಯ ಹಳೆಯದು. ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ಪ್ರತಿಯೊಂದು ಮನೆಯೂ ತನ್ನ ಅರಿವಿಗೆ ತಕ್ಕಂತೆ ನಿರ್ಧರಿಸಿಕೊಂಡಿರುತ್ತದೆ. ಆ ಚರ್ಚೆಯನ್ನು ನಾವು ಇಲ್ಲಿ ಎತ್ತುವುದಿಲ್ಲ. ನಮ್ಮನ್ನು ಕಾಡಿದ ಪ್ರಶ್ನೆ ಅದಕ್ಕಿಂತ ಚಿಕ್ಕದು, ಆದ್ದರಿಂದಲೇ ಯಾರೂ ಕೇಳದ ಪ್ರಶ್ನೆ. ಪಡಸಾಲೆಯಲ್ಲಿ ಕುಳಿತು ಏನನ್ನು ನೋಡಬೇಕೆಂಬ ಬಗ್ಗೆ ಇಷ್ಟೊಂದು ಮಾತನಾಡುವ ನಾವು, ಆ ಹೊತ್ತಿನಲ್ಲಿ ಒಳಕೋಣೆಯಲ್ಲಿ ಕೂಸನ್ನು ಎತ್ತಿಕೊಂಡಿರುವವರು ಯಾರು ಎಂದು ಕೇಳಿದ್ದೇವೆಯೇ?

ಈದುಲ್ ಫಿತ್ರ್ ಬಂದದ್ದು ಮಾರ್ಚ್ 31ಕ್ಕೆ. ಕೂಸಿಗೆ ಆಗ ಹನ್ನೊಂದು ದಿನ. ಈದ್‌ಗಾಹ್‌ನಿಂದ ಬಂದವರು ಬಂದಂತೆಯೇ ಪಡಸಾಲೆಯಲ್ಲಿ ಶೀರ್‌ಖುರ್ಮಾ ಸವಿದರು, ಮುಬಾರಕ್ ಹೇಳಿದರು, ಕೂಸಿನ ಕೈಗೆ ಈದಿ ಇಟ್ಟರು. ಬಾಣಂತಿಗೆ ನಮಾಝ್ ಇಲ್ಲ, ಉಪವಾಸವಿಲ್ಲ, ಹೊಸ ಬಟ್ಟೆ ತೊಟ್ಟರೂ ನೋಡುವವರಿಲ್ಲ. ಅಲ್ಲಾಹನು ಆಕೆಗೆ ಕೊಟ್ಟಿರುವ ವಿನಾಯಿತಿ ಕರುಣೆಯಿಂದ ಬಂದದ್ದು. ಆದರೆ ನಾವು ಅದಕ್ಕೆ ನಮ್ಮದೊಂದನ್ನು ಸೇರಿಸಿ, ಆಕೆಯನ್ನು ಹಬ್ಬದಿಂದಲೇ ವಿನಾಯಿತಿಗೊಳಿಸಿಬಿಟ್ಟಿದ್ದೇವೆ. ಸೂರಃ ಲುಕ್ಮಾನ್‌ನಲ್ಲಿ ತಾಯಿಯು ಬಳಲಿಕೆಯ ಮೇಲೆ ಬಳಲಿಕೆಯನ್ನು ಸಹಿಸಿ ಹೊತ್ತಳೆಂದು ಹೇಳಲಾಗಿದೆ. ಈ ವಚನವನ್ನು ನಾವು ತಾಯಿಯ ಹಿರಿಮೆಯ ಭಾಷಣಗಳಲ್ಲಿ ಬಹಳ ಚೆನ್ನಾಗಿ ಬಳಸುತ್ತೇವೆ. ಭಾಷಣ ಕೇಳಿ ಬಂದ ಮೇಲೆ ಒಂದು ಲೋಟ ನೀರನ್ನೂ ಅದೇ ತಾಯಿಯ ಕೈಯಿಂದಲೇ ಕೇಳುತ್ತೇವೆ.

ಮೇ ತಿಂಗಳಲ್ಲಿ ತಂದೆಯಾದವನು ಬಂದು ನಿಂತಾಗ ನಾವಿಬ್ಬರೂ ಕುಳಿತು ಮಾತನಾಡಿಕೊಂಡೆವು. ಸೂರಃ ಅಲ್‌ಬಕರಃದಲ್ಲಿ ಮಗುವಿನ ಹಾಲು ಬಿಡಿಸುವ ವಿಷಯದಲ್ಲಿ ಕೂಡ ತಂದೆತಾಯಿ ಇಬ್ಬರೂ ಸಮಾಲೋಚಿಸಿ, ಪರಸ್ಪರ ಒಪ್ಪಿ ನಿರ್ಧರಿಸುವ ಮಾತಿದೆ. ಹಾಲು ಬಿಡಿಸುವುದಕ್ಕೆ ಸಮಾಲೋಚನೆ ಇರುವುದಾದರೆ, ರಾತ್ರಿ ಏಳುವುದಕ್ಕೆ ಏಕಿರಬಾರದು? ನಾವು ಪಾಳಿ ಹಾಕಿಕೊಂಡೆವು. ರಾತ್ರಿ ಹತ್ತರಿಂದ ಎರಡರವರೆಗೆ ಕೂಸು ತಂದೆಯದು. ಹಾಲಿಗೆ ಮಾತ್ರ ತಾಯಿ ಏಳುವುದು. ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಹೆಗಲ ಮೇಲೆ ಹಾಕಿಕೊಂಡು ತಿರುಗುವುದು ಎಲ್ಲವೂ ಆತನಿಗೆ. ಎರಡರಿಂದ ಫಜ್ರ್‌ವರೆಗೆ ತಾಯಿ. ಫಜ್ರ್ ಬಳಿಕ ತೋಟದ ಗಾಳಿ ತೋರಿಸುತ್ತ ಎಂಟರವರೆಗೆ ಮತ್ತೆ ತಂದೆ. ಸಂಜೆಯ ಎರಡು ಗಂಟೆಗಳು ದಿನಕ್ಕೊಬ್ಬರಂತೆ ಒಬ್ಬೊಬ್ಬರಿಗೆ. ಆ ಹೊತ್ತಿನಲ್ಲಿ ಪಂದ್ಯವನ್ನೋ ಪುಸ್ತಕವನ್ನೋ ನೋಡಬಹುದು, ಸುಮ್ಮನೆ ಮಲಗಲೂಬಹುದು. ಯಾರೂ ಲೆಕ್ಕ ಕೇಳುವಂತಿಲ್ಲ.

ನಾನಿಗೆ ಇದು ಸುತರಾಂ ಹಿಡಿಸಲಿಲ್ಲ. "ಬೇಟಾ, ನೀವು ಮಲಗಿ. ನಾನಿಲ್ಲವೇ, ಇವಳ ಖಾಲಾ ಇಲ್ಲವೇ? ಮಾವನ ಮನೆಗೆ ಬಂದ ಅಳಿಯ ನಡುರಾತ್ರಿ ಕೂಸಿನ ಬಟ್ಟೆ ಬದಲಿಸುತ್ತಾನೆಂದರೆ ಬಿರಾದರಿಯವರು ನಮ್ಮನ್ನು ಏನೆಂದಾರು?" ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ, ನಾಚಿಕೆಯಿತ್ತು. ಅಳಿಯನಿಗೆ ಹಾಸಿಗೆ ಹಾಸಿ ಕೊಡುವುದೇ ತವರಿನ ಮರ್ಯಾದೆಯೆಂದು ನಂಬಿ ಬಾಳಿದ ಹೆಂಗಸು ಅವರು. ಅಳಿಯ ಎದ್ದು ಓಡಾಡುವ ಸಪ್ಪಳ ಅವರಿಗೆ ತಮ್ಮ ಮನೆಯ ಕೊರತೆಯ ಸಪ್ಪಳವಾಗಿ ಕೇಳಿಸುತ್ತಿತ್ತು. ಇದನ್ನು ಹಗುರವಾಗಿ ತಳ್ಳಿಹಾಕುವುದು ನಮಗೆ ಸರಿಯೆನಿಸಲಿಲ್ಲ.

ಉತ್ತರ ಬಂದದ್ದು ಹುಳುಮನೆಯಿಂದ. ರೇಷ್ಮೆ ಸಾಕದವರಿಗಾಗಿ ಸ್ವಲ್ಪ ವಿವರಿಸುತ್ತೇವೆ. ಹುಳು ಬೆಳೆಯುವಾಗ ನಾಲ್ಕು ಸಲ ಸೊಪ್ಪು ಬಿಟ್ಟು ಅಲುಗಾಡದೆ ಮಲಗಿ ಚರ್ಮ ಕಳಚುತ್ತದೆ. ನಮ್ಮ ಕಡೆ ಇದನ್ನು ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಕಳೆದು ಎದ್ದ ಹುಳು, ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಮುಂದಿನ ಒಂದು ವಾರದ ಆಸುಪಾಸಿನಲ್ಲೇ ತಿಂದು ಮುಗಿಸುತ್ತದೆ. ಆ ದಿನಗಳಲ್ಲಿ ಹುಳುಮನೆಯ ಬಾಗಿಲಲ್ಲಿ ನಿಂತರೆ ಸಣ್ಣ ಮಳೆ ಹಿಡಿದಂತಹ ಸದ್ದು. ಸೊಪ್ಪು ತಡವಾದರೆ ಗೂಡು ತೆಳುವಾಗುತ್ತದೆ, ರಾಮನಗರದ ಮಾರುಕಟ್ಟೆಯಲ್ಲಿ ಬೆಲೆ ಇಳಿಯುತ್ತದೆ. ಆದ್ದರಿಂದ ಮನೆಯ ಗಂಡಸರು ರಾತ್ರಿ ಪಾಳಿಯಲ್ಲಿ ಏಳುತ್ತಾರೆ. ಅರವತ್ತು ದಾಟಿದ ನಾನಾ ಕೂಡ ಯಾರೂ ಎಬ್ಬಿಸದೆ ಎದ್ದು ಸೊಪ್ಪು ಹರಡಿ ಬರುತ್ತಾರೆ. ಹೊಗೆ, ಅತ್ತರು, ಸೊಳ್ಳೆಬತ್ತಿ ಯಾವುದೂ ಹುಳುವಿಗೆ ಆಗದು. ಕೂಸಿನ ಸ್ನಾನದ ಬಳಿಕ ನಾನಿ ಲೋಬಾನ ಹಾಕಿದರೆ ನಾನಾ ಹಿತ್ತಲಿನಿಂದಲೇ ಕೂಗುತ್ತಿದ್ದರು. ಲೋಬಾನದ ಹೊಗೆ ಯಾವ ದಿಕ್ಕಿಗೆ ಹೋಗಬೇಕೆಂಬ ಬಗ್ಗೆ ಈ ದಂಪತಿಗಳ ನಡುವೆ ನಡೆದ ವಾದ ಬೇರೊಂದು ಲೇಖನಕ್ಕೆ ಸಾಲುವಷ್ಟಿದೆ.

ಒಂದು ಬೆಳಿಗ್ಗೆ ಎದುರು ಮನೆಯ ಅಜ್ಜಿ ಕೂಸನ್ನು ನೋಡಲು ಬಂದಿದ್ದರು. ಅವರದೂ ರೇಷ್ಮೆಯ ಮನೆಯೇ. ನಾನಿ ತಮ್ಮ ಸಂಕಟವನ್ನು ಅವರ ಮುಂದಿಟ್ಟರು. ಅಜ್ಜಿ ಎಲೆ ಅಡಿಕೆ ಮಡಿಸುತ್ತ ಹೇಳಿದ್ದಿಷ್ಟು: "ಅಲ್ಲ ಬೂಬಮ್ಮ, ನಿಮ್ಮ ಸಾಬ್ರು ಹುಳಕ್ಕೆ ಅಂತ ರಾತ್ರಿ ಎರಡು ಸಲ ಎದ್ದೇಳ್ತಾರೆ. ಅಳಿಯಂದ್ರು ಮಗೀಗೆ ಅಂತ ಎದ್ರೆ ಏನ್ ಮಾನ ಹೋಗ್ತದೆ? ಹುಳಕ್ಕಿಂತ ಮಗ ಕಡಿಮೇನಾ?"

ನಾನಿ ನಕ್ಕರು, ಒಪ್ಪಲಿಲ್ಲ. ಒಪ್ಪದಿದ್ದರೂ ಅಂದಿನಿಂದ ಅಳಿಯನ ಸಪ್ಪಳಕ್ಕೆ ಎದ್ದು ಬಂದು ನಿಲ್ಲುವುದನ್ನು ಬಿಟ್ಟರು.

ನಾವು ಆ ಸಂದರ್ಭದಲ್ಲಿ ಅವರಿಗೆ ಹೇಳಿದ, ನಿಮಗೂ ನೆನಪಿಸಬಹುದಾದ ವಿಷಯವೊಂದಿದೆ. ಪ್ರವಾದಿಯವರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಆಯಿಶಾ(ರ)ರಲ್ಲಿ ಕೇಳಲಾದಾಗ, ಮನೆಯವರ ಸೇವೆಯಲ್ಲಿ ತೊಡಗಿರುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಅವರು ತಿಳಿಸಿದ್ದು ಸಹೀಹುಲ್ ಬುಖಾರಿಯಲ್ಲಿದೆ. ಮೊಮ್ಮಗಳು ಉಮಾಮಾರನ್ನು ಎತ್ತಿಕೊಂಡೇ ಅವರು ನಮಾಝ್ ನಿರ್ವಹಿಸಿದ್ದರು. ಸುಜೂದ್‌ಗೆ ಹೋಗುವಾಗ ಕೆಳಗಿಳಿಸಿ, ಎದ್ದು ನಿಲ್ಲುವಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು. ನಮಾಝನ್ನು ದೀರ್ಘಗೊಳಿಸುವ ಇಚ್ಛೆಯಿಂದ ನಿಂತಿದ್ದರೂ, ಮಗುವಿನ ಅಳು ಕೇಳಿಸಿದರೆ ಅದರ ತಾಯಿಗಾಗುವ ಸಂಕಟವನ್ನು ನೆನೆದು ಸಂಕ್ಷಿಪ್ತಗೊಳಿಸುತ್ತಿದ್ದರು. ಈ ಕೊನೆಯ ಹದೀಸನ್ನು ನಾವು ಹಿಂದೆಯೂ ಅನೇಕ ಸಲ ಕೇಳಿದ್ದೆವು. ಗುಡಿಯಾ ಬಂದ ಮೇಲೆ ಅದರಲ್ಲಿನ ಒಂದು ವಿವರ ಹೊಸದಾಗಿ ಕಂಡಿತು. ಅಲ್ಲಿ ಲೆಕ್ಕಕ್ಕೆ ಬಂದದ್ದು ಮಗುವಿನ ಅಳುವಷ್ಟೇ ಅಲ್ಲ, ಆ ಅಳುವನ್ನು ಕೇಳುತ್ತ ಹಿಂದಿನ ಸಾಲಿನಲ್ಲೆಲ್ಲೋ ನಿಂತಿರುವ ತಾಯಿಯ ಮನಸ್ಸು.

ಮೊಬೈಲಿನ ವಿಷಯಕ್ಕೆ ಬರೋಣ. ಬೇಸಿಗೆ ರಜೆಯ ಮನೆಯಲ್ಲಿ ಕೂಸಿಗಿಂತ ಹೆಚ್ಚು ಮಡಿಲುಗಳನ್ನು ಏರುವ ವಸ್ತು ಅದು. ಹುಟ್ಟಿದ ಕೂಸಿಗೆ ಸ್ಪಷ್ಟವಾಗಿ ಕಾಣುವುದು ಸುಮಾರು 20ರಿಂದ 30 ಸೆಂಟಿಮೀಟರ್ ದೂರದವರೆಗೆ ಮಾತ್ರವೆಂದು ವೈದ್ಯರು ಹೇಳುತ್ತಾರೆ. ಹಾಲು ಕುಡಿಯುವಾಗ ತಾಯಿಯ ಮುಖ ಇರುವ ದೂರವೂ ಅಷ್ಟೇ. ಸುಬ್‌ಹಾನಲ್ಲಾಹ್, ಸೃಷ್ಟಿಕರ್ತನು ಕೂಸಿಗೆ ಮೊದಲು ತೋರಿಸಲಿಚ್ಛಿಸಿದ್ದು ಏನನ್ನೆಂಬುದು ಇದರಿಂದಲೇ ತಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಒಂದು ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ. ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಾಗಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಇದನ್ನು ಮನೆಯ ಮಕ್ಕಳಿಗೆಲ್ಲ ವಿವರಿಸಿದೆವು. ಚನ್ನಪಟ್ಟಣದ ಖಾಲಾರ ಹತ್ತು ವರ್ಷದ ಮಗ ಬಹಳ ಯೋಚಿಸಿ, "ಹಾಗಾದರೆ ರೀಲ್ಸ್‌ನಲ್ಲಿ ಅವಳು ಬರಬಹುದು, ನೋಡುವುದು ಮಾತ್ರ ಬೇಡ, ಅಲ್ಲವೇ?" ಎಂದ. ಬರುವುದೂ ಬೇಡವೆಂದು ತೀರ್ಮಾನವಾಯಿತು.

ಆದರೆ ಹಾಲೂಡಿಸುವ ತಾಯಿ ರಾತ್ರಿ ಮೂರಕ್ಕೆ ಮೊಬೈಲ್ ನೋಡುತ್ತಾಳೆಂದು ಗದರಿಸುವವರ ಕುರಿತು ನಮಗೊಂದು ಮಾತಿದೆ. ಮನೆಯವರೆಲ್ಲ ಮಲಗಿರುವಾಗ, ಕತ್ತಲೆಯಲ್ಲಿ, ಒಂದೇ ಭಂಗಿಯಲ್ಲಿ ಮುಕ್ಕಾಲು ಗಂಟೆ ಕುಳಿತಿರುವವಳು ಬೇರೆ ಏನನ್ನು ನೋಡಬೇಕೆಂದು ಗದರಿಸುವವರು ಹೇಳುವುದಿಲ್ಲ. ಆಕೆಯ ಕೈಯಿಂದ ಮೊಬೈಲನ್ನು ಬಿಡಿಸುವ ಸುಲಭ ಉಪಾಯವೆಂದರೆ ಆಕೆಯೊಡನೆ ಎದ್ದು ಕುಳಿತು ಮಾತನಾಡುವುದು. ಬಾಣಂತಿಯ ಮನಸ್ಸು ಕುಗ್ಗುವುದು, ಕಾರಣವಿಲ್ಲದೆ ಅಳು ಬರುವುದು ಈಮಾನಿನ ಕೊರತೆಯಲ್ಲ. ವಾರಗಟ್ಟಲೆ ಹಾಗೆಯೇ ಮುಂದುವರಿದರೆ ಅದಕ್ಕೆ ವೈದ್ಯರಿದ್ದಾರೆ, ಔಷಧಿಯೂ ಇದೆ. ಇದನ್ನು ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಹೇಳುವವರು ಕಡಿಮೆ.

ಕೂಸಿನ ಕೈಗೆ ಮೊಬೈಲಿನ ಬದಲು ಏನೆಂಬ ಪ್ರಶ್ನೆಗೆ ಈ ಜಿಲ್ಲೆಯವರು ದೂರ ಹೋಗಬೇಕಿಲ್ಲ. ಖಾಲಾ ಬರುವಾಗಲೇ ಚನ್ನಪಟ್ಟಣದ ಮರದ ಗಿಲಕಿಯೊಂದನ್ನು ತಂದಿದ್ದರು. ಹಾಲೆ ಮರದ ಹಗುರವಾದ ತುಂಡನ್ನು ಚರಕಿಗೆ ಕೊಟ್ಟು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುವ ಕಸುಬು ಅದು. ಬಾಯಿಗಿಡುವ ಕೂಸಿಗೆ ಕೊಡುವಾಗ ಗಿಡಮೂಲದ ಬಣ್ಣದ್ದೇ ಎಂದು ಕೇಳಿ ತರಬೇಕು, ಖಾಲಾ ಹಾಗೆಯೇ ತಂದಿದ್ದರು. ಟಿಪ್ಪು ಸುಲ್ತಾನರ ಕಾಲದ ನೆನಪಿನೊಂದಿಗೆ ಹೆಣೆದುಕೊಂಡಿರುವ, ಬಾವಾಸ್ ಮಿಯಾರ ಹೆಸರನ್ನು ಇಂದಿಗೂ ಹೇಳುವ ಈ ಕಸುಬಿನಲ್ಲಿ ನಮ್ಮ ಸಮುದಾಯದ ಎಷ್ಟೋ ಕುಟುಂಬಗಳ ಅನ್ನವಿದೆ. ಆಯಿಶಾ(ರ)ರ ಬಳಿ ಗೊಂಬೆಗಳಿದ್ದವು, ಅವುಗಳ ನಡುವೆ ರೆಕ್ಕೆಯಿರುವ ಒಂದು ಕುದುರೆಯೂ ಇತ್ತು, ಅದನ್ನು ಕಂಡು ಪ್ರವಾದಿಯವರು(ಸ) ಮನಸಾರೆ ನಕ್ಕರೆಂದು ಹದೀಸಿನಲ್ಲಿದೆ. ಗುಡಿಯಾಳ ಗಿಲಕಿಗೆ ರೆಕ್ಕೆಯಿಲ್ಲ. ಆದರೆ ಅದರ ಸದ್ದಿಗೆ ಅವಳು ಕತ್ತು ತಿರುಗಿಸಲು ಆರಂಭಿಸಿದ ದಿನ ಮನೆಯ ಹನ್ನೊಂದು ಮಂದಿಯೂ ಒಬ್ಬೊಬ್ಬರಾಗಿ ಆಡಿಸಿ ನೋಡಿ, ಸಂಜೆಯ ಹೊತ್ತಿಗೆ ಅವಳು ಯಾವ ಸದ್ದಿಗೂ ತಿರುಗದಂತಾದಳು.

ಮೇ ತಿಂಗಳ ಗಾಳಿಮಳೆಗೆ ವಿದ್ಯುತ್ ಹೋದ ರಾತ್ರಿಗಳಲ್ಲಿ ಟಿವಿ ತಾನಾಗಿಯೇ ಬಾಯಿ ಮುಚ್ಚುತ್ತಿತ್ತು. ಆಗ ನಾನಾ ಅವರ ಸರದಿ. ರಾಮನಗರದ ಬೆಟ್ಟದಲ್ಲಿ ಶೋಲೆ ಚಿತ್ರೀಕರಣ ನಡೆದಾಗ ಅವರಿಗೆ ಹದಿನಾಲ್ಕೋ ಹದಿನೈದೋ ವಯಸ್ಸು. ಗೂಡು ಮಾರಲು ಹೋದ ತಂದೆಯ ಜೊತೆಗೆ ಹೋಗಿ, ದೂರದಿಂದ ಕುದುರೆಗಳ ಧೂಳನ್ನಷ್ಟೇ ನೋಡಿ ಬಂದವರು. 1973ರ ಅಕ್ಟೋಬರಿನಲ್ಲಿ ಆರಂಭವಾದ ಚಿತ್ರೀಕರಣ ವರ್ಷಗಟ್ಟಲೆ ನಡೆದು, ಚಿತ್ರ ತೆರೆ ಕಂಡದ್ದು 1975ರ ಆಗಸ್ಟ್ 15ಕ್ಕೆ. ಆ ಧೂಳಿನ ಕಥೆಗೆ ಐವತ್ತು ವರ್ಷ ತುಂಬುತ್ತ ಬಂದಿದ್ದರೂ ನಾನಾ ಹೇಳುವಾಗ ಪ್ರತಿ ಸಲ ಒಂದು ಕುದುರೆ ಹೆಚ್ಚಾಗುತ್ತದೆ. ನಾನಿಗೆ ಗಬ್ಬರ್ ನೆನಪಿಲ್ಲ. ಅವರಿಗೆ ನೆನಪಿರುವುದು ಆ ಚಿತ್ರದ ಕುರುಡು ಇಮಾಮ್ ಸಾಹೇಬರು. ಮಗನ ಶವವನ್ನು ತಡವಿ ನೋಡಿದ ಬಳಿಕ, ಅಝಾನ್ ಕೇಳಿಸುತ್ತಲೇ ಮಸೀದಿಯತ್ತ ಹೆಜ್ಜೆ ಹಾಕುವ ಆ ಮುದುಕ. "ಆ ಒಂದು ಭಾಗ ಬಂದಾಗ ನಾನು ಎದ್ದು ಹೋಗುತ್ತೇನೆ. ಮಕ್ಕಳಿರುವವರು ಅದನ್ನು ನೋಡಬಾರದು," ಎನ್ನುತ್ತಾರೆ ನಾನಿ. ಕಳೆದ ವರ್ಷದವರೆಗೆ ನಾವು ಇದನ್ನು ನಾನಿಯ ಮೃದು ಮನಸ್ಸೆಂದಷ್ಟೇ ತಿಳಿದಿದ್ದೆವು.

ಅದೇ ಮೇ ತಿಂಗಳ 20ರಂದು ಲಂಡನ್ನಿನಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಘೋಷಣೆಯಾಯಿತು. ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದ ಮೂಲಕ, ಕನ್ನಡ ಕೃತಿಯೊಂದಕ್ಕೆ ಮೊದಲ ಬಾರಿಗೆ, ಸಣ್ಣ ಕಥೆಗಳ ಸಂಕಲನಕ್ಕೂ ಮೊದಲ ಬಾರಿಗೆ ದೊರೆತ ಗೌರವ. ಎಲ್ಲರ ಮೊಬೈಲಿನಲ್ಲೂ ಅಭಿನಂದನೆ. ಓದಿದವರು ಎಷ್ಟು ಮಂದಿಯೆಂದು ಕೇಳಿದರೆ ಪಡಸಾಲೆ ಮೌನ. ಅವರ ಒಂದು ಕಥೆ ಗಿರೀಶ್ ಕಾಸರವಳ್ಳಿಯವರ ಹಸೀನಾ ಚಿತ್ರವಾಗಿದ್ದು, ಅದಕ್ಕಾಗಿ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿದ್ದು ಖಾಲಾಗೆ ನೆನಪಿತ್ತು. ತಂದೆಯಾದವನು ಬೆಂಗಳೂರಿನಿಂದ ಬರುವ ಗೆಳೆಯನ ಕೈಯಲ್ಲಿ ಕಥೆಗಳ ಸಂಪುಟವನ್ನು ತರಿಸಿದ. ತಾಯಿಯಾದವಳು ತನ್ನ ಸಂಜೆಗಳಲ್ಲಿ ಅದನ್ನು ಓದತೊಡಗಿದಳು. ಎದೆಯ ಹಣತೆ ಕಥೆಯಲ್ಲಿ ಬದುಕಿಗೆ ಬೇಸತ್ತ ತಾಯಿಯೊಬ್ಬಳು ಸಾವಿನ ಅಂಚಿಗೆ ಬಂದು ನಿಂತಾಗ ಆಕೆಯನ್ನು ಹಿಂದಕ್ಕೆಳೆಯುವುದು ಎಳೆಗೂಸನ್ನು ಎತ್ತಿಕೊಂಡು ಬಂದ ಮಗಳು. ಅದನ್ನು ಓದಿದ ರಾತ್ರಿ ನಮ್ಮ ಪಾಳಿ ತಪ್ಪಿತು. ಇಬ್ಬರೂ ಎದ್ದೇ ಇದ್ದೆವು.

ಮೇ 29ರಂದು ಗುಡಿಯಾಳಿಗೆ ಹತ್ತು ವಾರ ತುಂಬಿ ಎರಡನೆಯ ಸುತ್ತಿನ ಲಸಿಕೆ. ಶಾಲೆಗಳು ಮತ್ತೆ ತೆರೆದದ್ದೂ ಅಂದೇ. ಖಾಲಾಗಳ ಚಿಕ್ಕ ಮಕ್ಕಳೆಲ್ಲ ಊರಿಗೆ ಹೊರಟುಹೋಗಿದ್ದರಿಂದ ಮನೆ ತುಸು ನಿಶ್ಶಬ್ದವಾಗಿತ್ತು. ಅಂದು ರಾತ್ರಿ ಬೆಂಗಳೂರು ತಂಡದ ಮುಖ್ಯ ಪಂದ್ಯವಿತ್ತು, ಸಂಜೆಯೂ ತಾಯಿಯದೇ ಆಗಿತ್ತು. ಆದರೆ ಲಸಿಕೆಯ ಜ್ವರದಲ್ಲಿ ಕೂಸು ಎದೆ ಬಿಟ್ಟು ಎಲ್ಲಿಯೂ ನಿಲ್ಲದು. ಪುಣ್ಯಕ್ಕೆ ಆ ಪಂದ್ಯ ಬಹುಬೇಗನೆ ಮುಗಿಯಿತು. ಪಂಜಾಬ್ 101ಕ್ಕೆ ಕುಸಿದು, ಬೆಂಗಳೂರು ಹತ್ತು ಓವರುಗಳಲ್ಲೇ ಗೆದ್ದುಬಿಟ್ಟಿತು.

ಹೀಗಾಗಿ ಜೂನ್ 3ರ ಫೈನಲ್ ತಾಯಿಯ ಹಕ್ಕಿನ ಸಂಜೆಯಾಗಿ ಉಳಿಯಿತು. ಇಲ್ಲೊಂದು ತೊಡಕಿತ್ತು. ಮನೆಯಲ್ಲಿ ಟಿವಿ ಇರುವುದು ಪಡಸಾಲೆಯಲ್ಲಿ. ಪಂದ್ಯದ ದಿನ ಅಲ್ಲಿ ಮಾಮುವಿನ ಗಂಡು ಮಕ್ಕಳು, ಅವರ ಗೆಳೆಯರು, ಬೀದಿಯ ಅರ್ಧ ಹುಡುಗರು. ಮನೆಯ ಹೆಂಗಸರು ಅಡುಗೆಮನೆಯ ಬಾಗಿಲಿನಿಂದ ಕೂಗಾಟ ಕೇಳಿ ಅಂಕ ಊಹಿಸಬೇಕು. ಇದು ನಮ್ಮ ಮನೆಯದಷ್ಟೇ ಕಥೆಯಲ್ಲ. ಓದುತ್ತಿರುವವರು ತಮ್ಮ ಪಡಸಾಲೆಯನ್ನೊಮ್ಮೆ ನೆನೆಸಿಕೊಳ್ಳಬಹುದು.

ಮಧ್ಯಾಹ್ನವೇ ತಂದೆಯಾದವನು ಹುಡುಗರನ್ನು ಕರೆದು, ಇಂದು ಪಡಸಾಲೆ ನಿಮ್ಮ ಆಪಾ ಮತ್ತು ಖಾಲಾರಿಗೆ, ನೀವು ಪೇಟೆಯ ಅಂಗಡಿಯಲ್ಲಿ ನೋಡಿ ಎಂದ. ಅವರು ನಂಬಲಿಲ್ಲ. ನಾನಿಗಂತೂ ತಡೆಯಲಾಗಲಿಲ್ಲ. "ಎರಡೂವರೆ ತಿಂಗಳ ಕೂಸಿನ ತಾಯಿ ಕ್ರಿಕೆಟ್ ನೋಡುತ್ತಾ ಕೂರುವುದೇ? ಅದಕ್ಕಾಗಿ ಗಂಡಸರನ್ನು ಮನೆಯಿಂದ ಹೊರಗೆ ಕಳಿಸುವುದೇ?"

ಆಗ ನಾವು ಹೇಳಿದ್ದು ಈದ್ ದಿನದ ಆ ಪ್ರಸಿದ್ಧ ಘಟನೆ. ಅಬಿಸೀನಿಯಾದವರು ಮಸೀದಿಯಲ್ಲಿ ಗುರಾಣಿ ಭರ್ಜಿಗಳ ಆಟವಾಡುತ್ತಿದ್ದರು. ಪ್ರವಾದಿಯವರು(ಸ) ಆಯಿಶಾ(ರ)ರನ್ನು ತಮ್ಮ ಹಿಂದೆ ನಿಲ್ಲಿಸಿಕೊಂಡರು. ಅವರು ಪ್ರವಾದಿಯವರ ಹೆಗಲ ಮೇಲಿನಿಂದ, ಕೆನ್ನೆಗೆ ಕೆನ್ನೆ ತಾಗಿಸಿ ಆಟ ನೋಡಿದರು. ನೋಡಿ ನೋಡಿ ಆಯಿಶಾ(ರ)ರಿಗೇ ಸಾಕಾಗುವವರೆಗೆ ಪ್ರವಾದಿಯವರು ಕದಲದೆ ನಿಂತಿದ್ದರು. ಈ ಹದೀಸನ್ನು ಸಾಮಾನ್ಯವಾಗಿ ಆಟಕ್ಕೆ ಅನುಮತಿಯಿದೆಯೆಂದು ತೋರಿಸಲು ಉಲ್ಲೇಖಿಸಲಾಗುತ್ತದೆ. ನಮಗೆ ಅದರಲ್ಲಿ ಕಾಣುವುದು ನಿಂತ ಆ ಕಾಲುಗಳು. ಸಮುದಾಯದ ನಾಯಕರಿಗೆ ಈದ್ ದಿನ ಬೇರೆ ಕೆಲಸವಿರಲಿಲ್ಲವೇ? ಪತ್ನಿಯ ನೋಟಕ್ಕೆ ಆಸರೆಯಾಗಿ ನಿಲ್ಲುವುದೂ ಅವರಿಗೆ ಒಂದು ಕೆಲಸವಾಗಿತ್ತು.

ನಾನಿ ಉತ್ತರಿಸಲಿಲ್ಲ. ಏಳೂವರೆಗೆ ಪಂದ್ಯ ಆರಂಭವಾದಾಗ ಅಡುಗೆಮನೆಯಲ್ಲೇ ಇದ್ದರು. ತಂದೆಯಾದವನು ಗುಡಿಯಾಳನ್ನು ಹೆಗಲಿಗೆ ಹಾಕಿಕೊಂಡು ಹಿತ್ತಲಿನ ಅಂಗಳದಲ್ಲಿ ತಿರುಗತೊಡಗಿದ. ಹುಳುಮನೆಯ ಮಳೆಯ ಸದ್ದು ಕೂಸಿಗೆ ಜೋಗುಳಕ್ಕಿಂತ ಚೆನ್ನಾಗಿ ಹಿಡಿಸುತ್ತದೆಂಬುದು ನಮ್ಮ ಅನುಭವ. ಅಹಮದಾಬಾದಿನಲ್ಲಿ ಬೆಂಗಳೂರು 190 ಓಟ ಗಳಿಸಿತು. ಪಂಜಾಬ್ ಬೆನ್ನಟ್ಟಿತು. ಕೊನೆಯ ಓವರುಗಳ ಹೊತ್ತಿಗೆ ನಾನಿ ತಸ್ಬೀಹ್ ಹಿಡಿದು ಪಡಸಾಲೆಯ ಬಾಗಿಲಲ್ಲಿ ಬಂದು ನಿಂತಿದ್ದರಂತೆ. 184ಕ್ಕೆ ಪಂಜಾಬ್ ನಿಂತಿತು. ಹದಿನೆಂಟನೆಯ ಸಲಕ್ಕೆ, ಆರು ಓಟಗಳ ಅಂತರದಲ್ಲಿ ಗೆಲುವು. ಪಡಸಾಲೆಯಿಂದೆದ್ದ ಕೂಗಿಗೆ ಹಿತ್ತಲಿನಲ್ಲಿ ನಿದ್ದೆ ಹೋಗಿದ್ದ ಗುಡಿಯಾ ಬೆಚ್ಚಿ ಎಚ್ಚೆತ್ತಳು. ಮತ್ತೆ ಮಲಗಿದ್ದು ಒಂದು ಗಂಟೆಗೆ. ತಾಯಿಯಾದವಳೂ ಆ ರಾತ್ರಿ ಬೇಗ ಮಲಗಲಿಲ್ಲ. ಆದರೆ ಎರಡೂವರೆ ತಿಂಗಳಲ್ಲಿ ಮೊದಲ ಬಾರಿಗೆ ಆಕೆ ಎದ್ದಿದ್ದದ್ದು ತನ್ನ ಸಂತೋಷಕ್ಕಾಗಿ.

ಮರುದಿನದ ವಿಷಯ ಬರೆಯುವುದು ಕಷ್ಟ. ಜೂನ್ 4ರಂದು ವಿಜಯೋತ್ಸವ ನೋಡಲು ಮಾಮುವಿನ ಹತ್ತೊಂಬತ್ತರ ಮಗ ಇಬ್ಬರು ಗೆಳೆಯರೊಡನೆ ಬೆಂಗಳೂರಿಗೆ ಬಸ್ಸು ಹತ್ತಿದ್ದ. ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತವೆಂಬ ಸುದ್ದಿ ಟಿವಿಯಲ್ಲಿ ಬಂತು. ಮೊದಲು ಮೂವರೆಂದರು, ಆಮೇಲೆ ಏಳು, ಕೊನೆಗೆ ಹನ್ನೊಂದು. ಹೆಚ್ಚಿನವರು ಎಳೆಯ ವಯಸ್ಸಿನವರು. ಹುಡುಗನ ಮೊಬೈಲಿಗೆ ಕರೆ ಹೋಗುತ್ತಿರಲಿಲ್ಲ. ಎರಡು ಗಂಟೆಗಳ ಕಾಲ ಮನೆಯಲ್ಲಿ ಯಾರೂ ಕುಳಿತುಕೊಳ್ಳಲಿಲ್ಲ. ನಾನಿ ಮುಸಲ್ಲಾದಿಂದ ಏಳಲಿಲ್ಲ. ಮಾಮಿ ಏನನ್ನೂ ಮಾತನಾಡದೆ ಗುಡಿಯಾಳನ್ನು ನಮ್ಮ ಕೈಯಿಂದ ತೆಗೆದುಕೊಂಡು ಎದೆಗೆ ಅವಚಿಕೊಂಡು ನಿಂತರು. ನಾವು ಕೇಳಲಿಲ್ಲ, ಅವರೂ ಕೊಡಲಿಲ್ಲ. ರಾತ್ರಿ ಒಂಬತ್ತಕ್ಕೆ ಯಾರದೋ ಫೋನಿನಿಂದ ಹುಡುಗ ಕರೆ ಮಾಡಿದ. ನೂಕುನುಗ್ಗಲಿಗೆ ಹೆದರಿ ದೂರದಲ್ಲೇ ಉಳಿದಿದ್ದ, ಮೊಬೈಲಿನ ಬ್ಯಾಟರಿ ಮುಗಿದಿತ್ತು. ಅಲ್ಲಾಹನು ನಮ್ಮ ಮನೆಯ ಮಗನನ್ನು ಮರಳಿಸಿದ. ಹನ್ನೊಂದು ಮನೆಗಳಲ್ಲಿ ಅಂದು ರಾತ್ರಿ ಅಂತಹ ಕರೆ ಬರಲಿಲ್ಲ. ಆ ತಂದೆತಾಯಿಯರಲ್ಲಿ ಒಬ್ಬೊಬ್ಬರೂ ಒಂದು ಕಾಲದಲ್ಲಿ ಎರಡೂವರೆ ತಿಂಗಳ ಕೂಸಿಗಾಗಿ ಪಾಳಿಯಲ್ಲಿ ಎದ್ದವರೇ ಇರಬೇಕು.

ಬಕ್ರೀದ್ 7ನೇ ತಾರೀಖು ಬಂತು. ಎರಡು ದಿನ ಬಿಟ್ಟು ತಂದೆಯಾದವನು ಕೆಲಸಕ್ಕೆ ಮರಳಬೇಕಿತ್ತು. ಕುರ್ಬಾನಿಯ ಪಾಲುಗಳು ಹಂಚಿ ಮುಗಿದವು. ಈ ಸಲ ಪಾತ್ರೆಗಳ ರಾಶಿಯನ್ನು ತೊಳೆಯಲು ಕುಳಿತವರಲ್ಲಿ, ಬೆಂಗಳೂರಿನಿಂದ ಮರಳಿದ ಆ ಹತ್ತೊಂಬತ್ತರ ಹುಡುಗನೂ ಇದ್ದ. ಯಾರು ಹೇಳಿದ್ದೋ ಗೊತ್ತಿಲ್ಲ. ಇಶಾ ಬಳಿಕ ಎಲ್ಲರೂ ಪಡಸಾಲೆಯಲ್ಲಿ ಕಾಲು ಚಾಚಿದಾಗ ನಾನಿ ಇದ್ದಕ್ಕಿದ್ದಂತೆ ಕೇಳಿದರು: "ಎಲ್ಲರಿಗೂ ಪಾಳಿ ಆಯಿತು. ನನ್ನ ಪಾಳಿ ಯಾವಾಗ?"

ಏನು ಬೇಕೆಂದು ಕೇಳಿದೆವು. ನಾನಿಗೆ ಉರ್ದು ಓದಲು ಬರುತ್ತದೆ, ಕನ್ನಡ ಓದಲು ಬರುವುದಿಲ್ಲ. "ಲಂಡನ್ನಿನವರು ಇನಾಮು ಕೊಟ್ಟರಲ್ಲ, ಆ ಹಾಸನದ ಬೀಬಿಯ ಕಥೆ. ಅದನ್ನು ಓದಿ ಹೇಳಿ," ಎಂದರು. ತಾಯಿಯಾದವಳು ಪುಸ್ತಕ ತಂದಳು. ತೊಟ್ಟಿಲನ್ನು ಯಾರು ತೂಗುವುದೆಂದು ನಾವು ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ನಾನಾ ಹಗ್ಗ ಹಿಡಿದಾಗಿತ್ತು. ಹತ್ತು ಗಂಟೆಗೆ ಹುಳುವಿಗೆ ಸೊಪ್ಪು ಹಾಕಬೇಕು, ಅಷ್ಟರೊಳಗೆ ಮುಗಿಯುವ ಕಥೆಯಾದರೆ ಓದು ಎಂದರು.